ಶರಾವತಿ ಹಿನ್ನೀರು, ಕಾನು, ಮಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾಗರ, ಹೊಸನಗರ ತಾಲ್ಲೂಕುಗಳ ಹಿನ್ನೀರು ಮತ್ತು ಕಾಡಿನಲ್ಲಿ ಓಡಾಡುವ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರಿಸಿದ್ದೇವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಹೋದ ಏಪ್ರಿಲ್‌ನಲ್ಲಿ ಹೊನ್ನೇಮರಡು ಕಡೆ ಬಂದಾಗ ಕೆಂಪು ಬಯಲೇ ಕಂಡಿತು, ನೀರು ಎಲ್ಲೋ ದೂರದಲ್ಲಿತ್ತು. ಗೆಳೆಯರ ಫೋಟೊಗಳಲ್ಲಿ ಮಾತ್ರ ಕಣ್ಣು ಹಾಯುವಷ್ಟೂ ನೀರು. ಯಾವ ತಿಂಗಳು ಬರಬೇಕು?
— ತುಮಕೂರಿನ ಓದುಗರು

ಉತ್ತರ: ನೀವು ನೋಡಿದ್ದೂ ನಿಮ್ಮ ಗೆಳೆಯರು ನೋಡಿದ್ದೂ ಒಂದೇ ಜಾಗ. ಇದು ಹುಟ್ಟುಕೆರೆಯಲ್ಲ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು. ಇದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಜೂನ್‌ನಲ್ಲಿ ಹೊಳೆ ಬರತೊಡಗಿದರೆ ಜುಲೈ, ಆಗಸ್ಟ್‌ನಲ್ಲಿ ನೀರು ಭರದಿಂದ ಏರುತ್ತದೆ. ಒಳ್ಳೆಯ ಮಳೆಯ ವರ್ಷ ಸೆಪ್ಟೆಂಬರ್ ಹೊತ್ತಿಗೆ ತುಂಬಿ ನಿಲ್ಲುತ್ತದೆ, ಮಳೆ ಕೈಕೊಟ್ಟ ವರ್ಷ ತುಂಬುವುದೇ ಇಲ್ಲ. ಆಮೇಲೆ ವಿದ್ಯುತ್ತಿಗೆಂದು ದಿನವೂ ನೀರು ಬಿಡುವುದರಿಂದ ಮೇ ಕೊನೆಯವರೆಗೆ ಇಳಿಯುತ್ತಲೇ ಹೋಗುತ್ತದೆ.

ಆದ್ದರಿಂದ ಮೊದಲು ನೀರಿನ ಮಟ್ಟ ನೋಡಿ, ಆಮೇಲೆ ತಿಂಗಳು ಗೊತ್ತುಮಾಡಿ. ಶಿವಮೊಗ್ಗ ಆವೃತ್ತಿಯ ದಿನಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟ ಬರುತ್ತದೆ. ಹರಿಗೋಲು, ಕಯಾಕ್ ಬೇಕೆಂದರೆ ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ವಾರದವರೆಗಿನ ಕಾಲಕ್ಕೆ ಸಾಟಿಯಿಲ್ಲ: ನೀರು ದಡ ಮುಟ್ಟಿರುತ್ತದೆ, ಮಳೆ ಬಿಟ್ಟಿರುತ್ತದೆ, ಆಕಾಶ ತೊಳೆದಂತಿರುತ್ತದೆ. ಏಪ್ರಿಲ್, ಮೇ ತಿಂಗಳ ಬಯಲೂ ನೋಡುವಂಥದ್ದೇ. ಮುಳುಗಿದ ಊರುಗಳ ರಸ್ತೆ, ಪಾಯ, ಬಾವಿಗಟ್ಟೆ ಮೇಲೆ ಬರುತ್ತವೆ. ನೀರು ತೀರಾ ಇಳಿದ ವರ್ಷ, ಲಿಂಗನಮಕ್ಕಿಗೂ ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯೇ ಮೈ ತೋರಿಸುತ್ತದೆ. ಅವು ಒಂದು ಕಾಲಕ್ಕೆ ಜನ ಬಾಳಿದ ಮನೆಗಳು. ಕಲ್ಲು, ಹೆಂಚಿನ ಚೂರು ಹೊತ್ತು ತರಬೇಡಿ.

ಪ್ರಶ್ನೆ: ಮನೆಯಲ್ಲಿ ಯಾರಿಗೂ ಈಜು ಬರುವುದಿಲ್ಲ. ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಕಯಾಕ್‌ನಲ್ಲಿ ಕೂರಬಹುದೇ? ಲೈಫ್ ಜಾಕೆಟ್ ಕೊಡುತ್ತಾರಂತೆ, ಅಷ್ಟು ಸಾಕೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಕೂರಬಹುದು. ಆದರೆ ಜಾಕೆಟ್ ಕೊಟ್ಟರೆ ಸಾಲದು, ಅದು ಮೈಗೆ ಸರಿಯಾಗಿ ಕೂರಬೇಕು. ಒಳಗಿನ ಚೀಟಿಯಲ್ಲಿ ಎಷ್ಟು ಕಿಲೋ ತೂಕದವರಿಗೆ ಎಂದು ಬರೆದಿರುತ್ತದೆ, ಮೊದಲು ಅದನ್ನು ಓದಿ. 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದಿದ್ದರೆ ಅದು ಈಜು ಬಲ್ಲವರಿಗೆ ಆಸರೆಯಷ್ಟೇ. ಈಜು ಬಾರದವರಿಗೆ 100 ನ್ಯೂಟನ್‌ನದು, ಕುತ್ತಿಗೆಯ ಹಿಂದೆ ದಪ್ಪ ಪಟ್ಟಿ ಇರುವಂಥದ್ದು ಬೇಕು. ಅದು ಮುಖ ಮೇಲಾಗುವಂತೆ ತಿರುಗಿಸಿ ತೇಲಿಸುತ್ತದೆ. ಎಲ್ಲ ಬಕಲ್ ಹಾಕಿ, ಪಟ್ಟಿ ಬಿಗಿದು, ಹೆಗಲ ಮೇಲಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ಸಡಿಲ, ನೀರಿಗೆ ಬಿದ್ದಾಗ ಮಗು ಕೆಳಗೆ ಜಾರುತ್ತದೆ, ಜಾಕೆಟ್ ಮಾತ್ರ ತೇಲುತ್ತದೆ. ಮಕ್ಕಳ ಜಾಕೆಟ್ಟಿಗೆ ತೊಡೆಸಂದಿನ ಪಟ್ಟಿ ಇರಲೇಬೇಕು. ಹೊರಡುವ ಮುಂಚೆ ಸೊಂಟದ ಮಟ್ಟದ ನೀರಿನಲ್ಲಿ ನೀವು ಪಕ್ಕದಲ್ಲಿ ನಿಂತು ಮಗಳನ್ನು ಒಮ್ಮೆ ಅಂಗಾತ ತೇಲಲು ಬಿಡಿ. ಐದು ನಿಮಿಷದ ಈ ಕೆಲಸದಿಂದ ಅವಳ ಹೆದರಿಕೆಯೂ ಹೋಗುತ್ತದೆ, ಜಾಕೆಟ್ಟಿನ ಯೋಗ್ಯತೆಯೂ ತಿಳಿಯುತ್ತದೆ.

ಇನ್ನು ಗಾಳಿ. ಬೆಳಿಗ್ಗೆ ಹಿನ್ನೀರು ಕನ್ನಡಿಯಂತಿದ್ದರೂ ಮಧ್ಯಾಹ್ನದ ಮೇಲೆ ಗಾಳಿ ಎದ್ದು ಅಲೆ ಬರುತ್ತದೆ. ಏಳರಿಂದ ಹತ್ತೂವರೆಯೊಳಗೆ ಮುಗಿಸಿ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಂದು ಬಿಡುತ್ತದೆ. ಇದನ್ನು ತಿರುವುಮುರುವು ಮಾಡಿದವರು ನಡುಗಡ್ಡೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹರಿಗೋಲಿಗೆ ಮೂತಿಯೂ ಇಲ್ಲ, ಅಡಿಯಲ್ಲಿ ಏಣೂ ಇಲ್ಲ. ಗಾಳಿ ನೂಕಿದತ್ತ ಸಾಗುವುದರಿಂದ ಅದರಲ್ಲಿ ಅಗಲದ ನೀರು ದಾಟುವ ಸಾಹಸ ಬೇಡ. ಹತ್ತುವಾಗ ನಟ್ಟನಡುವೆ ಕಾಲಿಟ್ಟು ಕುಳಿತುಕೊಳ್ಳಿ, ಫೋಟೊಗೆಂದು ಎದ್ದು ನಿಲ್ಲಬೇಡಿ.

ಮಗುಚಿದರೆ ದೋಣಿ ಬಿಡಬೇಡಿ. ದಡ ಹತ್ತಿರ ಕಂಡರೂ ಬಿಡಬೇಡಿ. ದೋಣಿ ತೇಲುತ್ತದೆ, ದೂರದಿಂದ ಕಾಣುತ್ತದೆ. ಅದನ್ನು ಹಿಡಿದು ಕಾಲು ಬಡಿಯುತ್ತ ದಡ ಸೇರಿ.

ಇಲ್ಲಿಯದೇ ಆದ ಇನ್ನೊಂದು ಅಪಾಯ ಬೊಡ್ಡೆಗಳದ್ದು. ಮುಳುಗಿದ ಕಾಡಿನ ಮರದ ಬೊಡ್ಡೆಗಳು ಅರವತ್ತು ವರ್ಷವಾದರೂ ಗಟ್ಟಿಯಾಗಿ ನಿಂತಿವೆ. ತುಂಬಿದಾಗ ಅವು ಆಳದಲ್ಲಿರುತ್ತವೆ. ಜನವರಿಯಿಂದ ನೀರು ಇಳಿದಂತೆ ಮೇಲ್ಮೈಗೆ ಒಂದು ಗೇಣು ಕೆಳಗೆ ಬಂದು ನಿಲ್ಲುತ್ತವೆ, ಕಣ್ಣಿಗೆ ಕಾಣುವುದಿಲ್ಲ. ದೋಣಿಯಿಂದ ನೀರಿಗೆ ಧುಮುಕುವುದು ಇಲ್ಲಿ ಯಾವ ತಿಂಗಳಲ್ಲೂ ಸಲ್ಲದು. ನೆನ್ನೆ ಮೊನ್ನೆ ಅದೇ ದಾರಿಯಲ್ಲಿ ಹೋಗಿಬಂದ ಊರಿನವರನ್ನು ಜೊತೆಗೆ ಕರೆದುಕೊಳ್ಳಿ.

ಪ್ರಶ್ನೆ: ಫೆಬ್ರುವರಿಯಲ್ಲಿ ಕಾಡಿನಲ್ಲಿ ನಡೆಯಬೇಕೆಂದಿದ್ದೇವೆ. ಮಂಗನ ಕಾಯಿಲೆಯ ಸುದ್ದಿ ಓದಿ ಮನೆಯವರು ಬೇಡ ಎನ್ನುತ್ತಿದ್ದಾರೆ. ಅಷ್ಟು ಹೆದರಬೇಕೇ?
— ಮೈಸೂರಿನ ಓದುಗರು

ಉತ್ತರ: ಮನೆಯವರ ಮಾತಿನಲ್ಲಿ ಹುರುಳಿದೆ. ಈ ರೋಗ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹರಡುವುದು ಉಣುಗಿನಿಂದ. ಬಯಲುಸೀಮೆಯಲ್ಲಿ ಉಣ್ಣೆ ಎನ್ನುತ್ತೀರಿ. ಮಳೆ ನಿಂತ ಮೇಲೆ ಮರಿ ಉಣುಗುಗಳು ತರಗೆಲೆಯಲ್ಲಿ ಹೆಚ್ಚುತ್ತವೆ. ಜನವರಿಯಿಂದ ಏಪ್ರಿಲ್‌ವರೆಗೆ ಅಪಾಯ ಹೆಚ್ಚು, ಮಳೆ ಹಿಡಿದ ಮೇಲೆ ಇಳಿಯುತ್ತದೆ. ಈ ಮರಿಗಳು ಎಳ್ಳಿಗಿಂತ ಸಣ್ಣವು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಹೊರಡುವ ಮುಂಚೆ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಕೇಳಿ: ಈ ವರ್ಷ ಹತ್ತಿರದಲ್ಲಿ ಮಂಗ ಸತ್ತಿದೆಯೇ, ಜ್ವರ ಬಂದಿದೆಯೇ? ಹೌದೆಂದರೆ ಆ ಕಾಡನ್ನು ಆ ವರ್ಷಕ್ಕೆ ಬಿಟ್ಟುಬಿಡಿ. ಇಲ್ಲವೆಂದರೂ ತಿಳಿ ಬಣ್ಣದ ಉದ್ದ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತಿಳಿ ಬಟ್ಟೆಯ ಮೇಲೆ ಉಣುಗು ಹರಿದಾಡುವುದು ಕಾಣುತ್ತದೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲವನ್ನು ಬರಿಮೈ ಇರುವ ಕಡೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಬಂಡೆ ಹುಡುಕಿ. ದನ ಓಡಾಡುವ ಕಾಲುದಾರಿಯ ಅಂಚಿನ ಪೊದೆಗೆ ಮೈ ತಾಗಿಸಬೇಡಿ. ವಾಪಸಾದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ಮಂಡಿಯ ಹಿಂಭಾಗ, ಸೊಂಟ, ಕಿವಿಯ ಹಿಂದೆ ಬೇರೆಯವರಿಂದ ನೋಡಿಸಿಕೊಳ್ಳಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಗುರಿನಲ್ಲಿ ಹಿಸುಕಲೂ ಬೇಡ.

ಕಚ್ಚಿದ 3ರಿಂದ 8 ದಿನದಲ್ಲಿ ಏಕಾಏಕಿ ಜ್ವರ, ವಿಪರೀತ ತಲೆನೋವು, ಸೊಂಟ ಮತ್ತು ಮೀನಖಂಡ ಮುರಿದಂತೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮೈಸೂರಿನಲ್ಲಿ ಕುಳಿತ ವೈದ್ಯರಿಗೆ ಈ ರೋಗ ತಾನಾಗಿ ನೆನಪಿಗೆ ಬರಲಿಕ್ಕಿಲ್ಲ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್‌ನಂಥ ಮಾತ್ರೆ ನುಂಗಬೇಡಿ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ, ಆ ಚಿಂತೆ ಬೇಡ.

ನಮ್ಮನ್ನು ಕೇಳಿದರೆ, ಕಾಡಿನ ನಡಿಗೆಯನ್ನು ಅಕ್ಟೋಬರ್‌ಗೆ ಇಟ್ಟುಕೊಂಡು ಫೆಬ್ರುವರಿಯಲ್ಲಿ ಹಿನ್ನೀರಿನ ಬಯಲು, ಹಕ್ಕಿ, ಹಳ್ಳಿರಸ್ತೆಯ ಸೈಕಲ್ ಸವಾರಿಗೆ ಬನ್ನಿ.

ಪ್ರಶ್ನೆ: ದಡದಲ್ಲಿ ಟೆಂಟ್ ಹಾಕಬಹುದೇ? ನೀರಿನಿಂದ ಎಷ್ಟು ದೂರ?
— ಬೆಂಗಳೂರಿನ ಓದುಗರು

ಉತ್ತರ: ಜಾಗ ಯಾರದ್ದು ಎಂದು ಮೊದಲು ತಿಳಿಯಿರಿ. ಶರಾವತಿ ಕಣಿವೆಯ ಬಹುಭಾಗ 2019ರಿಂದ ಸಿಂಗಳೀಕ ಅಭಯಾರಣ್ಯ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಖಾಲಿ ಕಾಡಿನಂತೆ ಕಾಣುವುದು ಯಾರೋ ತಮ್ಮ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವೂ ಇರಬಹುದು, ಆ ಮನೆಯವರನ್ನು ಕೇಳದೆ ಕಾಲಿಡಬೇಡಿ.

ದೂರದ ಲೆಕ್ಕಕ್ಕಿಂತ ಎತ್ತರದ ಲೆಕ್ಕ ಮುಖ್ಯ. 30 ಅಡಿಗೆ ಒಂದಡಿ ಇಳಿಜಾರಿನ ದಡದಲ್ಲಿ ನೀರು ಒಂದಡಿ ಏರಿದರೆ ಅಂಚು 30 ಅಡಿ ಒಳಗೆ ಬರುತ್ತದೆ. ಜುಲೈನ ಜಡಿಮಳೆಯಲ್ಲಿ ಅಷ್ಟು ಏರಲು ಒಂದು ದಿನ ಸಾಕು. ಹಾಗಾಗಿ ಮಳೆಗಾಲದಲ್ಲಿ ದಡದ ಟೆಂಟ್ ಬೇಡವೇ ಬೇಡ. ನೀರು ಇಳಿಯುವ ತಿಂಗಳುಗಳಲ್ಲಿ ಹುಲ್ಲು ಬೆಳೆದ ಗಟ್ಟಿ ನೆಲ ಆರಿಸಿ. ಅಂಚಿನ ಹೂಳು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿ ಇರುತ್ತದೆ. ಕೋಲು ಊರಿ ನೋಡದೆ ಕಾಲಿಡಬೇಡಿ. ಹೂತರೆ ಕಾಲು ಕೀಳಲು ಗುದ್ದಾಡಬೇಡಿ, ಒಂದು ಕಾಲು ಕೀಳುವಾಗ ಇನ್ನೊಂದರ ಮೇಲೆ ಭಾರ ಬಿದ್ದು ಅದು ಮತ್ತಷ್ಟು ಇಳಿಯುತ್ತದೆ. ಹಿಂದಕ್ಕೆ ಒರಗಿ, ಭಾರ ಹರಡಿ, ಕಾಲನ್ನು ಅಲುಗಿಸುತ್ತ ನಿಧಾನ ಬಿಡಿಸಿಕೊಳ್ಳಿ.

ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗಿನ ಮಳೆ ಬರುತ್ತದೆ. ಬಯಲಿನಲ್ಲಿ ನೀವೇ ಎತ್ತರದ ವಸ್ತು. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಎಲ್ಲ ಬಿಟ್ಟು ಮನೆಗೋ ಕಾರಿಗೋ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಬೇಸಿಗೆಯಲ್ಲಿ ಬೆಂಕಿ ಹಾಕಬೇಡಿ. ಒಂದು ಕಿಡಿ ಇಡೀ ಗುಡ್ಡಕ್ಕೆ ಸಾಕು.

ಪ್ರಶ್ನೆ: ಜುಲೈನ ಮಳೆ ನೋಡಲೆಂದೇ ಬರುತ್ತಿದ್ದೇವೆ. ಬಟ್ಟೆ ಏನು ತರಬೇಕು? ಉಂಬಳಕ್ಕೆ (ಕಾಡಿನ ಜಿಗಣೆಗೆ) ಏನು ಮಾಡುವುದು?
— ಬಳ್ಳಾರಿಯ ಓದುಗರು

ಉತ್ತರ: ಜೀನ್ಸ್ ತರಬೇಡಿ. ನೆನೆದರೆ ಕಲ್ಲಿನ ಭಾರ, ತೊಡೆ ಉಜ್ಜಿ ಹುಣ್ಣಾಗುತ್ತದೆ, ಎರಡು ದಿನವಾದರೂ ಒಣಗುವುದಿಲ್ಲ. ತೆಳು ನೈಲಾನ್ ಪ್ಯಾಂಟು ಎರಡಿರಲಿ. ಗಾಳಿಮಳೆಗೆ ಕೊಡೆ ನಿಲ್ಲುವುದಿಲ್ಲ, ಮೊಣಕಾಲು ದಾಟುವ ಮಳೆಕೋಟು ಬೇಕು. ಇಲ್ಲಿಯವರು ಹಾಕುವ ಕಂಬಳಿ ಕೊಪ್ಪೆ ನೆನೆದರೂ ಬೆಚ್ಚಗಿರುತ್ತದೆ, ಸಿಕ್ಕರೆ ಬಿಡಬೇಡಿ.

ಉಂಬಳದಿಂದ ರೋಗದ ಭಯ ಕಡಿಮೆ, ಕಿರಿಕಿರಿ ಹೆಚ್ಚು. ಒತ್ತು ನೇಯ್ಗೆಯ ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮಂಡಿಯವರೆಗೆ ಎಳೆದು ಕಟ್ಟಿ. ಒಂದು ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡು ಹತ್ತಿದ್ದಕ್ಕೆ ಮುಟ್ಟಿಸುತ್ತ ಹೋಗಿ. ಕಚ್ಚಿದ್ದರೆ ಉಪ್ಪು ಸುರಿಯುವುದಾಗಲಿ ಸುಡುವುದಾಗಲಿ ಬೇಡ, ಅದು ಹೀರಿದ್ದನ್ನು ಗಾಯಕ್ಕೇ ಕಾರಬಹುದು. ಸಣ್ಣ ತುದಿಯ ಕೆಳಗೆ ಉಗುರು ಜಾರಿಸಿ ಬಿಡಿಸಿ, ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಅದು ಬಿಟ್ಟ ದ್ರವದಿಂದ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಮಳೆಗಾಲದ ನಿಜವಾದ ಅಪಾಯ ಪಾಚಿ ಕಟ್ಟಿದ ಬಂಡೆ ಮತ್ತು ಹಳ್ಳ. ನಿಮ್ಮ ತಲೆಯ ಮೇಲೆ ಮಳೆ ಇಲ್ಲದಿದ್ದರೂ ಮೇಲಿನ ಗುಡ್ಡದಲ್ಲಿ ಹೊಯ್ದ ನೀರು ಹಳ್ಳಕ್ಕೆ ಬರುತ್ತದೆ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಡ್ಡಿಕಸ ತೇಲಿ ಬಂದರೆ ಕೂಡಲೇ ಮೇಲೆ ಹತ್ತಿ, ಚಪ್ಪಲಿ ಬಿಟ್ಟಿದ್ದರೂ ಸರಿ.