ಜೂಮ್ ಇರುವ ಚಿಕ್ಕ ಫಿಲ್ಮ್ ಕ್ಯಾಮೆರಾ ಬೇಕಾ?

ಪ್ರವಾಸಕ್ಕೆ ಚಿಕ್ಕ ಫಿಲ್ಮ್ ಕ್ಯಾಮೆರಾ ಬೇಕು, ಜೂಮ್ ಇರೋದು ಒಳ್ಳೆಯದಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಜೂಮ್ ಬೇಡ. ಪೂರ್ತಿ ಜೂಮ್ ಮಾಡಿದಾಗ ಲೆನ್ಸ್ ಒಳಗೆ ಬರುವ ಬೆಳಕು ತುಂಬಾ ಕಡಿಮೆಯಾಗುತ್ತದೆ. ಸಂಜೆ ಹೊತ್ತು ಫೋಟೋ ಅಲುಗಾಡಿರುತ್ತದೆ, ಇಲ್ಲ ಸುಮ್ನೆ ಫ್ಲ್ಯಾಶ್ ಹೊಡೆಯುತ್ತದೆ.

ಜೇಬಿನಿಂದ ತೆಗೆದು ಒತ್ತಿದರೆ ಆಯ್ತು, ಅದೇ ಈ ಚಿಕ್ಕ ಕ್ಯಾಮೆರಾಗಳ ಸುಖ. ಆದರೆ ಎಲೆಕ್ಟ್ರಾನಿಕ್ಸ್ ಕೆಟ್ಟರೆ ರಿಪೇರಿ ಕಷ್ಟ. ನನ್ನದೊಂದು ಕ್ಯಾಮೆರಾದ ಲೆನ್ಸ್ ಅರ್ಧ ಹೊರಗೆ ಚಾಚಿಕೊಂಡು ಹಾಗೇ ನಿಂತುಬಿಟ್ಟಿತು, ರೋಲಿನಲ್ಲಿ ಇನ್ನೂ 11 ಫೋಟೋ ಬಾಕಿ!

ಬ್ಯಾಟರಿ ಗೊಡವೆಯೇ ಬೇಡವಾದರೆ 1967ರಲ್ಲಿ ಬಂದ ಒಲಿಂಪಸ್ ಟ್ರಿಪ್ 35 ನೋಡಿ. ಬೆಳಕು ಅಳೆಯುವ ಅದರ ಸೆಲೆನಿಯಂ ಮೀಟರ್ ಬೆಳಕಿನಿಂದಲೇ ನಡೆಯುತ್ತದೆ. ಬೆಳಕು ಸಾಲದಿದ್ದರೆ ವ್ಯೂಫೈಂಡರಿನಲ್ಲಿ ಕೆಂಪು ಪಟ್ಟಿ ಎದ್ದು, ಬಟನ್ ಒತ್ತಲು ಬಿಡುವುದಿಲ್ಲ. ಫೋಕಸ್ ಮಾತ್ರ ದೂರ ಅಂದಾಜು ಮಾಡಿ ನೀವೇ ಇಡಬೇಕು. ಕೊಳ್ಳುವ ಮುಂಚೆ ಮೀಟರ್ ಕೆಲಸ ಮಾಡುತ್ತಾ ನೋಡಿಕೊಳ್ಳಿ.