ಕ್ರೂಸ್ ಹೊರಡುವಾಗ ಬಂದರಿನ ನೋಟ ಚೆನ್ನಾಗಿರಬೇಕಾದರೆ ಎಲ್ಲಿಂದ ಹತ್ತಬೇಕು?

ಮೇಡಂ, ಅಪ್ಪ ಅಮ್ಮನನ್ನು ಕ್ರೂಸ್‌ಗೆ ಕರೆದುಕೊಂಡು ಹೋಗಬೇಕು, ಹಡಗು ದಡ ಬಿಟ್ಟು ಹೊರಡುವ ನೋಟವನ್ನೇ ಅವರು ಆಸೆಪಟ್ಟಿದ್ದಾರೆ, ಬೆಂಗಳೂರಿನವರಿಗೆ ಚೆನ್ನೈ, ಮುಂಬೈ, ಸಿಂಗಪುರದಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಾನಾದರೆ ಮುಂಬೈ ಹಿಡಿಯುತ್ತೇನೆ. ಹಡಗಿನ ಹಾದಿಯಲ್ಲಿ ಕೊಚ್ಚಿಯೂ ಇದ್ದರೆ ಎರಡನೇ ಯೋಚನೆಯೇ ಬೇಡ.

ಚೆನ್ನೈ ನಮಗೆ ಹತ್ತಿರ, ನಿಜ. ಆದರೆ ಅದು ತೆರೆದ ಕಡಲಿಗೆ ಕಲ್ಲಿನ ತಡೆಗೋಡೆ ಕಟ್ಟಿ ಮಾಡಿದ ಬಂದರು. ಸುತ್ತ ಕ್ರೇನು, ಕಂಟೇನರು. ಗೋಡೆ ದಾಟಿದರೆ ನೇರ ಸಮುದ್ರ. ಮರೀನಾ ಬೀಚು ದೂರದಲ್ಲಿ ಒಂದು ಗೆರೆಯಂತೆ ಕಾಣುತ್ತದೆ, ಅಷ್ಟೇ. ನೋಟ ಬೇಕು ಅನ್ನುವವರು ಎರಡೂ ಕಡೆ ನೆಲ ಇರುವ ಬಂದರು ಹುಡುಕಬೇಕು. ಅಳಿವೆಯೋ ಕೊಲ್ಲಿಯೋ ಇದ್ದರೆ ಹಡಗು ನಿಧಾನವಾಗಿ ಸಾಗುತ್ತದೆ, ದಡ ಜೊತೆಯಲ್ಲೇ ಬರುತ್ತದೆ, ನೋಡಲು ಸಮಯ ಸಿಗುತ್ತದೆ.

ಮುಂಬೈಯಲ್ಲಿ ಈ ಅನುಕೂಲ ಇದೆ. ಬಂದರು ಊರಿನ ಪೂರ್ವಕ್ಕಿದೆ. ಕ್ರೂಸ್ ಹಡಗುಗಳು ನಿಲ್ಲುವ ಬಲ್ಲಾರ್ಡ್ ಪಿಯರ್ ಕಟ್ಟೆಯಿಂದ ಹೊರಟ ಹಡಗು ದಕ್ಷಿಣಕ್ಕೆ ಸಾಗುವಾಗ ಊರೆಲ್ಲ ಬಲಗಡೆ ಬರುತ್ತದೆ. 1903ರ ತಾಜ್ ಹೋಟೆಲ್, ಅದರ ಮುಂದೆ 1924ರಲ್ಲಿ ಮುಗಿದ ಗೇಟ್‌ವೇ, ಆಮೇಲೆ ಕೊಲಾಬಾದ ತುದಿ. ಗೇಟ್‌ವೇ ಕಟ್ಟಿದ್ದೇ ಸಮುದ್ರದ ಕಡೆಯಿಂದ ಬರುವವರು ನೋಡಲಿ ಅಂತ, ಹಾಗಾಗಿ ಅದರ ನಿಜವಾದ ಅಂದ ನೀರಿನ ಮೇಲಿಂದಲೇ ಕಾಣುವುದು. ಎಡಗಡೆ ಎಲಿಫೆಂಟಾ ಗುಡ್ಡ. ಸಂಜೆ ಸೂರ್ಯ ಊರಿನ ಹಿಂದೆ ಇಳಿಯುವುದರಿಂದ ಮೊದಲು ಕಟ್ಟಡಗಳ ಕಪ್ಪು ಅಂಚು ಮಾತ್ರ ಕಾಣುತ್ತದೆ, ಆಮೇಲೆ ಒಂದೊಂದೇ ದೀಪ ಹತ್ತುತ್ತದೆ. ಡಿಸೆಂಬರಿನಲ್ಲಿ ಆರು ಗಂಟೆ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಸಂಜೆ ಐದರ ಆಸುಪಾಸು ಹೊರಡುವ ಹಡಗಾದರೆ ಹಗಲು, ದೀಪ ಎರಡೂ ಸಿಗುತ್ತವೆ. ಒಂದು ಮಾತು ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ. ಚಿತ್ರಗಳಲ್ಲಿ ನೋಡುವ ಮರೀನ್ ಡ್ರೈವ್ ಊರಿನ ಆಚೆ ಬದಿಗಿದೆ, ಬಂದರಿನಿಂದ ಕಾಣುವುದಿಲ್ಲ.

ಹೋಗುವುದಕ್ಕೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಅದು ಹೋಗುವ ಸಿಎಸ್‌ಎಂಟಿ ನಿಲ್ದಾಣಕ್ಕೂ ಬಲ್ಲಾರ್ಡ್ ಪಿಯರ್‌ಗೂ ದೂರ ಬಹಳ ಕಡಿಮೆ. ರೈಲಾಗಲಿ ವಿಮಾನವಾಗಲಿ, ಹಿಂದಿನ ದಿನವೇ ತಲುಪಿ. ಹಡಗು ಯಾರಿಗೂ ಕಾಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಸಹವಾಸ ಬೇಡ, ವಯಸ್ಸಾದವರಿಗಂತೂ ಬೇಡವೇ ಬೇಡ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ.

ಇನ್ನು ಕೊಚ್ಚಿ. ನಮ್ಮ ದೇಶದಲ್ಲಿ ಇಷ್ಟು ಚೆಂದದ ಬಂದರು ಬಾಗಿಲು ಬೇರೆ ಇಲ್ಲ ಅಂತ ನನಗೆ ಅನಿಸುತ್ತದೆ. ಬಂದರಿಗಾಗಿ ಹೂಳೆತ್ತಿದಾಗ ಸಿಕ್ಕ ಮಣ್ಣಿನಿಂದಲೇ ಬ್ರಿಟಿಷರ ಕಾಲದಲ್ಲಿ ವಿಲಿಂಗ್ಡನ್ ದ್ವೀಪ ಮಾಡಿದರು. ಹಡಗು ಅಲ್ಲಿಂದ ಹೊರಟು, ಎಡಕ್ಕೆ ಫೋರ್ಟ್ ಕೊಚ್ಚಿ, ಬಲಕ್ಕೆ ವೈಪಿನ್, ನಡುವಿನ ಕಿರಿದಾದ ಅಳಿವೆಯಲ್ಲಿ ಸಾಗುತ್ತದೆ. ದಡದಲ್ಲಿ ಮೀನು ಹಿಡಿಯುವ ದೊಡ್ಡ ಚೀನಾ ಬಲೆಗಳು ಏಳುವುದು, ಇಳಿಯುವುದು ಡೆಕ್ ಮೇಲಿಂದ ಚೆನ್ನಾಗಿ ಕಾಣುತ್ತದೆ. ದಡದಲ್ಲಿ ನಿಂತವರು ಕೈ ಬೀಸುತ್ತಾರೆ, ನಾವೂ ಬೀಸುತ್ತೇವೆ. ಹಡಗಿನ ಮುಖ ಪಶ್ಚಿಮಕ್ಕಿರುವುದರಿಂದ ಸಂಜೆಯಾದರೆ ಸೂರ್ಯಾಸ್ತ ನೇರ ಎದುರಿಗೇ. ಇಲ್ಲಿಂದಲೇ ಶುರುವಾಗುವ ಕ್ರೂಸ್ ಕಡಿಮೆ, ಅದಕ್ಕೇ ಮುಂಬೈಯಿಂದ ಹೊರಟು ಕೊಚ್ಚಿ ಮುಟ್ಟುವ ಹಾದಿ ನೋಡಿ ಅಂದೆ. ಬೆಳಗ್ಗೆ ಒಳಗೆ ಬರುವ ಹಡಗಾದರೆ ಅಲಾರಂ ಇಟ್ಟಾದರೂ ಎಬ್ಬಿಸಿ.

ಸಿಂಗಪುರಕ್ಕೆ ಇಲ್ಲಿಂದ ನೇರ ವಿಮಾನ ಇದೆ, ಹಡಗುಗಳೂ ದೊಡ್ಡವು. ಬರೀ ಬಂದರಿನ ನೋಟಕ್ಕೆ ಅಂತ ಮಾತ್ರ ಅಷ್ಟು ಖರ್ಚು ಮಾಡಬೇಡಿ. ಅಲ್ಲಿ ಎರಡು ಟರ್ಮಿನಲ್ ಇವೆ. ಹಾರ್ಬರ್‌ಫ್ರಂಟ್ ಸೆಂಟೋಸಾ ದ್ವೀಪದ ಎದುರಿಗೇ ಇದೆ, ಮೇಲೆ ಕೇಬಲ್ ಕಾರ್ ಓಡಾಡುತ್ತದೆ. 2012ರಲ್ಲಿ ಶುರುವಾದ ಮರೀನಾ ಬೇ ಟರ್ಮಿನಲ್‌ನಿಂದ ಹೊರಟರೆ ಎತ್ತರದ ಕಟ್ಟಡಗಳು ಹಿಂದೆ ಉಳಿಯುತ್ತವೆ, ಮುಂದೆ ಲಂಗರು ಹಾಕಿದ ಸರಕು ಹಡಗುಗಳ ಸಾಲು. ಟಿಕೆಟ್ ಮೇಲೆ ಊರಿನ ಹೆಸರು ಒಂದೇ, ನೋಟ ಬೇರೆ ಬೇರೆ.

ಸಿಡ್ನಿಯಲ್ಲೂ ಹೀಗೇ. ಸರ್ಕ್ಯುಲರ್ ಕ್ವೇಯಲ್ಲಿ ಹತ್ತಿದರೆ ಕಣ್ಣೆದುರಿಗೇ ಒಪೆರಾ ಹೌಸ್, ಪಕ್ಕದಲ್ಲೇ ಸೇತುವೆ. ವೈಟ್ ಬೇಯಿಂದ ಹೊರಡುವ ಹಡಗು ಆ ಸೇತುವೆಯ ಕೆಳಗೇ ನುಸುಳಿ ಬರಬೇಕು. ನೀರಿನಿಂದ ಸೇತುವೆಯ ತಳಕ್ಕೆ ಇರುವ ಎತ್ತರ ಸುಮಾರು 49 ಮೀಟರ್, ಹಾಗಾಗಿ ತೀರಾ ದೊಡ್ಡ ಹಡಗುಗಳು ಆ ಕಡೆ ಹೋಗುವುದಿಲ್ಲ. ಕೈಯಲ್ಲಿ ದುಡ್ಡಿದ್ದು, ದೂರದ ಪ್ರಯಾಣ ತಡೆಯುವ ಆರೋಗ್ಯ ಇದ್ದರೆ ನನ್ನ ಮೊದಲ ಆಯ್ಕೆ ಸಿಡ್ನಿಯೇ. ವೆನಿಸ್ ವಿಚಾರದಲ್ಲಿ ಹುಷಾರು. ದೊಡ್ಡ ಹಡಗು ಸೇಂಟ್ ಮಾರ್ಕ್ಸ್ ಚೌಕದ ಮುಂದೆ ಹಾದುಹೋಗುವ ಚಿತ್ರಗಳು ಇನ್ನೂ ಓಡಾಡುತ್ತಿವೆ. 2021ರ ಆಗಸ್ಟ್‌ನಿಂದ ಅದಕ್ಕೆ ನಿಷೇಧ ಇದೆ. ಹಾಗೆಯೇ ರೋಮ್ ಅಂತ ಬರೆದಿದ್ದರೆ ಹಡಗು ಇರುವುದು ಚಿವಿತಾವೆಕ್ಕಿಯಾ ಅನ್ನುವ ಬೇರೆ ಊರಿನಲ್ಲಿ, ಲಂಡನ್ ಅಂದರೆ ಬಹುಪಾಲು ಸೌತಾಂಪ್ಟನ್‌ನಲ್ಲಿ.

ಈ ನೋಟಕ್ಕಾಗಿ ಬಾಲ್ಕನಿ ರೂಮಿಗೆ ಜಾಸ್ತಿ ದುಡ್ಡು ಕೊಡಬೇಡಿ. ಬಾಲ್ಕನಿಯಿಂದ ಒಂದೇ ಬದಿ ಕಾಣುತ್ತದೆ, ಆ ಬದಿಯಲ್ಲಿ ಊರು ಇಲ್ಲದಿದ್ದರೆ ಸುಮ್ನೆ ನಷ್ಟ. ಹಡಗಿನ ಹಿಂಭಾಗದ ತೆರೆದ ಡೆಕ್‌ನಲ್ಲಿ ಕುರ್ಚಿ ಹಿಡಿದು ಕೂರಿಸಿ. ಮುಂಭಾಗಕ್ಕಿಂತ ಅಲ್ಲಿ ಗಾಳಿ ಕಡಿಮೆ, ಬಂದರು ಪೂರ್ತಿ ಕಾಣುತ್ತದೆ. ಹೊರಡುವ ಮೊದಲು ಸುರಕ್ಷತಾ ಡ್ರಿಲ್ ಇರುತ್ತದೆ, ಅದು ಮುಗಿದ ತಕ್ಷಣ ಮೇಲೆ ಹೋಗಿ. ತಡಮಾಡಿದರೆ ಅಂಚಿನ ಜಾಗ ಸಿಗುವುದಿಲ್ಲ.

ದುಡ್ಡು ಕಟ್ಟುವ ಮುಂಚೆ ಏಜೆಂಟ್ ಹತ್ತಿರ ಟರ್ಮಿನಲ್ ಹೆಸರು ಮತ್ತು ಹಡಗು ಹೊರಡುವ ಸಮಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹತ್ತುವ ಸಮಯ ಬೇರೆ, ಹೊರಡುವ ಸಮಯ ಬೇರೆ. ಎರಡೂ ಸಿಕ್ಕಿದ ಮೇಲೆ ಇಲ್ಲೇ ಹಾಕಿ, ಆ ದಿನದ ಸೂರ್ಯಾಸ್ತಕ್ಕೆ ಹೊಂದುತ್ತದಾ ಅಂತ ನೋಡಿ ಹೇಳುತ್ತೇನೆ.