‘ಚೆನ್ನಾಗಿ ಬಾಳುವುದು’ ಅಂದರೆ ಎಲ್ಲ ದೇಶದಲ್ಲೂ ಒಂದೇನಾ?

ಪೂರ್ತಿ ಒಂದೇ ಅಲ್ಲ. ಆರೋಗ್ಯ, ನಮ್ಮವರು ಅನ್ನಿಸುವ ನಾಲ್ಕು ಜನ, ಹೊಟ್ಟೆಪಾಡಿನ ಭದ್ರತೆ, ಬದುಕಿಗೊಂದು ಅರ್ಥ, ಇವು ಎಲ್ಲ ಕಡೆ ಬೇಕು. ಯಾವುದಕ್ಕೆ ಎಷ್ಟು ತೂಕ ಅನ್ನುವುದು ಮಾತ್ರ ಬೇರೆ ಬೇರೆ.

ಅದಕ್ಕೇ ಏನು ಕೇಳುತ್ತೀರಿ ಅನ್ನುವುದರ ಮೇಲೆ ಪಟ್ಟಿಯೇ ಬದಲಾಗುತ್ತದೆ. ವಿಶ್ವ ಸಂತೋಷ ವರದಿಯ ಪಟ್ಟಿ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: 0ಯಿಂದ 10ರವರೆಗಿನ ಏಣಿಯಲ್ಲಿ ನಿಮ್ಮ ಬದುಕು ಯಾವ ಮೆಟ್ಟಿಲಲ್ಲಿದೆ? ಅದರಲ್ಲಿ 2018ರಿಂದ ಫಿನ್ಲೆಂಡ್ ಮೊದಲು. 22 ದೇಶಗಳ 2 ಲಕ್ಷ ಜನರನ್ನು ಕೇಳಿದ ಇನ್ನೊಂದು ಅಧ್ಯಯನದ ಮೊದಲ ಫಲಿತಾಂಶ 2025ರಲ್ಲಿ ಬಂತು. ಅದು ಸಂಬಂಧ, ಬದುಕಿನ ಗುರಿ, ನಡತೆಯನ್ನೂ ಲೆಕ್ಕಕ್ಕೆ ಹಿಡಿಯಿತು. ಮೇಲೆ ನಿಂತದ್ದು ಇಂಡೋನೇಷ್ಯಾ, ಕೊನೆಗೆ ಶ್ರೀಮಂತ ಜಪಾನ್! (ಆ 22ರಲ್ಲಿ ಫಿನ್ಲೆಂಡ್ ಇರಲಿಲ್ಲ, ಹಾಗಾಗಿ ನೇರ ಹೋಲಿಕೆ ಬೇಡ.)

ತೂಕ ಹೀಗೆ ಬೇರೆಯಾಗುವುದಕ್ಕೆ ಒಂದು ಕಾರಣ ಇದು. ಕೆಲವು ಕಡೆ ‘ನಾನು’ ಅಂದರೆ ಒಬ್ಬನೇ. ಕೆಲವು ಕಡೆ ‘ನಾನು’ ಅಂದರೆ ಮನೆಮಂದಿಯೆಲ್ಲ. ನಮ್ಮ ಸಕಲೇಶಪುರದ ಕಡೆ ಕಾಫಿ ತೋಟದವರೊಬ್ಬರನ್ನು ಸುಮ್ನೆ ‘ಚೆನ್ನಾಗಿದ್ದೀರಾ?’ ಅಂತ ಕೇಳಿ ನೋಡಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಸರಿಯಾಗಿ ಬಂತೋ ಇಲ್ಲವೋ, ಆನೆ ತೋಟಕ್ಕೆ ನುಗ್ಗಿದ್ದು, ಮಗಳ ಮದುವೆ, ಅಮ್ಮನ ಮಂಡಿನೋವು, ಎಲ್ಲ ಬರುತ್ತದೆ. ತಮ್ಮೊಬ್ಬರ ಸಂತೋಷದ ಮಾತೇ ಬರುವುದಿಲ್ಲ. ಅವರ ಮುಂದೆ ಆ ಏಣಿ ಇಟ್ಟರೆ ಮೊದಲು ಕೇಳುವುದು, ‘ನಂದೊಂದೇ ಹೇಳಬೇಕಾ, ಮನೆಯವರದ್ದೂ ಸೇರಿಸಿನಾ?’